ಹ್ಯೂಗೋ ಜೊತೆ ಕೆಲವು ವರ್ಷ: ಹಳೆಯ ವರ್ಡ್‌ಪ್ರೆಸ್ ಬ್ಲಾಗ್ ಅನ್ನು ಸ್ಟ್ಯಾಟಿಕ್ ಸೈಟ್ ಮಾಡಿದ ಮೇಲೆ

ಹಳೆಯ ಬ್ಲಾಗ್ ಒಂದನ್ನು ವರ್ಡ್‌ಪ್ರೆಸ್‌ನಿಂದ ಹ್ಯೂಗೋಗೆ, ಅಂದರೆ ಸೈಟ್‌ನ ಪುಟಗಳನ್ನೆಲ್ಲ ಮೊದಲೇ ಕಟ್ಟಿಡುವ ಸಾಧನಕ್ಕೆ, ತಂದು ಕೆಲವು ವರ್ಷಗಳಾದವು. ಹ್ಯೂಗೋ ಬಗ್ಗೆ ನಾನು ಓದಿದ ವಿಮರ್ಶೆಗಳು ಹೆಚ್ಚಾಗಿ ಮೊದಲ ವಾರದ ಖುಷಿಯಲ್ಲಿ ಬರೆದವು. ಎಷ್ಟು ವೇಗ, ಎಷ್ಟು ಹಗುರ ಎನ್ನುವಲ್ಲಿಗೆ ಮುಗಿಯುತ್ತವೆ. ನನಗೆ ಮುಖ್ಯವಾದ ಪ್ರಶ್ನೆ ಬೇರೆ. ವರ್ಷಗಟ್ಟಲೆ ಬರೆದ ಪೋಸ್ಟ್‌ಗಳಿಗೆ ಬೇರೆಯವರು ಕೊಟ್ಟಿರುವ ಲಿಂಕ್‌ಗಳು ಇವತ್ತೂ ತೆರೆಯುತ್ತವೆಯೇ? ಯಾರೋ ಬುಕ್‌ಮಾರ್ಕ್ ಮಾಡಿಟ್ಟುಕೊಂಡ ಪುಟ ಅಲ್ಲೇ ಇದೆಯೇ?

ಮೊದಲೇ ಹೇಳಿಬಿಡುತ್ತೇನೆ. ಹ್ಯೂಗೋ ಒಳ್ಳೆಯ ಸಾಧನ, ನಾನು ವಾಪಸ್ ಹೋಗುವುದಿಲ್ಲ. ಆದರೆ ಕಷ್ಟ ಇರುವುದು ಹ್ಯೂಗೋ ಕಲಿಯುವುದರಲ್ಲಿ ಅಲ್ಲ, ಹಳೆಯ ವಿಳಾಸಗಳನ್ನು ಉಳಿಸಿಕೊಳ್ಳುವುದರಲ್ಲಿ. ಬ್ಲಾಗ್ ಕನ್ನಡದ್ದಾದರೆ ಈ ಕಷ್ಟ ಇನ್ನೂ ಜಾಸ್ತಿ.

ಗೊತ್ತಿಲ್ಲದವರಿಗೆ ಎರಡು ಮಾತು. ವರ್ಡ್‌ಪ್ರೆಸ್‌ನಲ್ಲಿ ಓದುಗರು ಪುಟ ಕೇಳಿದಾಗ ಸರ್ವರ್‌ನಲ್ಲಿ ಪಿಎಚ್‌ಪಿ ಭಾಷೆಯ ಪ್ರೋಗ್ರಾಂ ಓಡುತ್ತದೆ. ಡೇಟಾಬೇಸ್‌ನಿಂದ ಪೋಸ್ಟ್ ತೆಗೆದು, ಥೀಮ್‌ನಲ್ಲಿ ಕೂರಿಸಿ, ಪುಟ ಕಟ್ಟಿ ಕಳಿಸುತ್ತದೆ. ಹ್ಯೂಗೋ ಈ ಕೆಲಸವನ್ನೆಲ್ಲ ಮೊದಲೇ ಮುಗಿಸಿಡುತ್ತದೆ. ನೀವು ಮಾರ್ಕ್‌ಡೌನ್ ಫೈಲ್‌ಗಳಲ್ಲಿ, ಅಂದರೆ ದಪ್ಪ ಅಕ್ಷರ, ಲಿಂಕ್‌ಗಳನ್ನು ಸರಳ ಚಿಹ್ನೆಗಳಿಂದ ಗುರುತಿಸುವ ಸಾದಾ ಪಠ್ಯದಲ್ಲಿ, ಬರೆಯುತ್ತೀರಿ, ಒಂದು ಕಮಾಂಡ್ ಕೊಡುತ್ತೀರಿ, ಇಡೀ ಸೈಟ್ ಎಚ್‌ಟಿಎಂಎಲ್ ಫೈಲ್‌ಗಳಾಗಿ ಒಂದು ಫೋಲ್ಡರ್‌ನಲ್ಲಿ ಸಿಗುತ್ತದೆ. ಅದನ್ನು ಹೋಸ್ಟಿಂಗ್‌ಗೆ ಏರಿಸಿದರೆ ಮುಗಿಯಿತು. ಅಲ್ಲಿ ಡೇಟಾಬೇಸ್ ಇಲ್ಲ, ಲಾಗಿನ್ ಪುಟ ಇಲ್ಲ, ಅಪ್‌ಡೇಟ್ ಕೇಳುವ ಪ್ಲಗಿನ್ ಇಲ್ಲ.

ನಾನು ಹೊರಡಲು ಕಾರಣವೂ ಅದೇ. ನಾನು ಬರೆಯುವುದು ಅಪರೂಪ. ಅಪ್‌ಡೇಟ್‌ಗಳಿಗೆ ಮಾತ್ರ ಬಿಡುವೇ ಇರಲಿಲ್ಲ. ಒಂದು ಪ್ಲಗಿನ್ ಅಪ್‌ಡೇಟ್ ಆದ ಮೇಲೆ ಇಡೀ ಸೈಟ್ ಬಿಳಿ ಪುಟವಾಗಿ ನಿಂತದ್ದೂ ಉಂಟು. ಬರೆಯಲು ಸಿಗುವ ಸ್ವಲ್ಪ ಹೊತ್ತು ದುರಸ್ತಿಗೇ ಹೋಗುತ್ತಿತ್ತು.

ಸ್ಟ್ಯಾಟಿಕ್ ಸೈಟ್ ಜನರೇಟರ್‌ಗಳಲ್ಲಿ ಆಯ್ಕೆ ಬೇಕಾದಷ್ಟಿದೆ. 2008ರಲ್ಲಿ ಬಂದ ಜೆಕಿಲ್‌ಗೆ ಕಂಪ್ಯೂಟರ್‌ನಲ್ಲಿ ರೂಬಿ ಭಾಷೆ ಬೇಕು. ಇಲೆವೆಂಟಿ ಮತ್ತು ಆಸ್ಟ್ರೋಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಬೇಕು, ಜೊತೆಗೆ ಅದರ ಪ್ಯಾಕೇಜ್‌ಗಳ ಸಾಲು. 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಶುರುಮಾಡಿದ ಹ್ಯೂಗೋ, ಗೋ ಭಾಷೆಯಲ್ಲಿ ಬರೆದದ್ದು. ಅದು ಬರುವುದು ಒಂದೇ ಒಂದು ಫೈಲ್ ಆಗಿ. ಇಳಿಸಿಕೊಂಡು ಓಡಿಸಿದರೆ ಆಯಿತು. ತಿಂಗಳುಗಟ್ಟಲೆ ಬರೆಯದೆ ಇದ್ದು ಮತ್ತೆ ಕೂತಾಗಲೂ ಅದೇ ಫೈಲ್ ಅದೇ ಸೈಟ್ ಅನ್ನು ಕಟ್ಟಿಕೊಡುತ್ತದೆ. ನನ್ನಂತೆ ಬಿಟ್ಟು ಬಿಟ್ಟು ಬರೆಯುವವರಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ.

ಈಗ ವಲಸೆಯ ವಿಷಯ. ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಒಂದು ಎಕ್ಸ್‌ಎಂಎಲ್ ಫೈಲ್ ಕೊಡುತ್ತದೆ. ಅದನ್ನು ಮಾರ್ಕ್‌ಡೌನ್‌ಗೆ ತಿರುಗಿಸುವ ಉಚಿತ ಸ್ಕ್ರಿಪ್ಟ್‌ಗಳಿವೆ. ಅವು ಪೋಸ್ಟ್‌ನ ಪಠ್ಯ, ದಿನಾಂಕ, ಟ್ಯಾಗ್‌ಗಳನ್ನು ಚೆನ್ನಾಗಿಯೇ ಬಿಡಿಸಿಕೊಡುತ್ತವೆ. ಆಮೇಲೆ ಹ್ಯೂಗೋ ಓಡಿಸಿದರೆ ಬ್ಲಾಗ್ ಎದುರಿಗೆ ಬಂದು ನಿಲ್ಲುತ್ತದೆ. ಇಲ್ಲಿಗೇ ಕೆಲಸ ಮುಗಿಯಿತು ಅನಿಸುತ್ತದೆ, ಅಲ್ವಾ? ಅಸಲಿ ಕೆಲಸ ಶುರುವಾಗುವುದು ಇಲ್ಲಿಂದ.

ವರ್ಡ್‌ಪ್ರೆಸ್ ಡೇಟಾಬೇಸ್‌ನಲ್ಲಿ ಪೋಸ್ಟ್‌ನ ಸ್ಲಗ್‌ಗೆ, ಅಂದರೆ ವಿಳಾಸದ ಕೊನೆಯ ತುಂಡಿಗೆ, 200 ಅಕ್ಷರಗಳ ಜಾಗವಿದೆ. ಇಂಗ್ಲಿಷ್ ಶೀರ್ಷಿಕೆಗೆ ಇದು ಧಾರಾಳ. ಕನ್ನಡಕ್ಕೆ ಸಾಲದು. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಯೂ ಕಂಪ್ಯೂಟರ್ ಪಠ್ಯವನ್ನು ಉಳಿಸುವ ಯುಟಿಎಫ್-8 ಕ್ರಮದಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ. ವಿಳಾಸದಲ್ಲಿ ಬರೆಯುವಾಗ ಒಂದೊಂದು ಬೈಟ್‌ಗೂ ಒಂದು ಶೇಕಡಾ ಗುರುತು ಮತ್ತು ಎರಡು ಅಕ್ಷರ. ಅಲ್ಲಿಗೆ ಒಂದು ಚಿಹ್ನೆಗೆ 9 ಅಕ್ಷರ. 200ರಲ್ಲಿ ಹಿಡಿಸುವುದು 22 ಚಿಹ್ನೆ ಮಾತ್ರ. ‘ಸ್ತ್ರೀ’ ಎಂದು ಬರೆದರೆ ಅದರಲ್ಲೇ ಒತ್ತು, ದೀರ್ಘ ಎಲ್ಲ ಸೇರಿ 6 ಚಿಹ್ನೆಗಳಾಗುತ್ತವೆ. ಹೀಗಾಗಿ ಶೀರ್ಷಿಕೆಯ ಮೂರ್ನಾಲ್ಕು ಪದ ಆಗುವಷ್ಟರಲ್ಲಿ ವರ್ಡ್‌ಪ್ರೆಸ್ ಸ್ಲಗ್ ಅನ್ನು ಕತ್ತರಿಸುತ್ತದೆ. ಎಷ್ಟೋ ಸಲ ಪದದ ನಟ್ಟನಡುವೆ.

ಹ್ಯೂಗೋಗೆ ಈ ಮಿತಿ ಇಲ್ಲ. ಫೈಲ್‌ನ ಹೆಸರಿನಿಂದಲೋ ಶೀರ್ಷಿಕೆಯಿಂದಲೋ ಪೂರ್ತಿ ವಿಳಾಸ ಮಾಡಿಕೊಡುತ್ತದೆ. ನೋಡಲು ಇದು ಹಳೆಯದಕ್ಕಿಂತ ಚೆನ್ನ. ಆದರೆ ಹೊರಜಗತ್ತಿನಲ್ಲಿ ಓಡಾಡುತ್ತಿರುವುದು ಆ ತುಂಡಾದ ವಿಳಾಸ. ಅದನ್ನು ಒತ್ತಿದವರಿಗೆ ಸಿಗುವುದು ‘ಪುಟ ಸಿಗಲಿಲ್ಲ’ ಎನ್ನುವ 404 ಪುಟ. ಪರಿಹಾರ ಸರಳ, ತಾಳ್ಮೆ ಮಾತ್ರ ಬೇಕು. ಎಕ್ಸ್‌ಪೋರ್ಟ್ ಫೈಲ್‌ನಲ್ಲಿ ಪ್ರತಿ ಪೋಸ್ಟ್‌ನ ಹಳೆಯ ಸ್ಲಗ್ ಹಾಗೇ ಇರುತ್ತದೆ. ಅದನ್ನು ಶೇಕಡಾ ಗುರುತುಗಳಿಂದ ಬಿಡಿಸಿ ಕನ್ನಡ ಅಕ್ಷರಗಳಾಗಿ ಮಾಡಿ, ಪ್ರತಿ ಮಾರ್ಕ್‌ಡೌನ್ ಫೈಲ್‌ನ ಫ್ರಂಟ್ ಮ್ಯಾಟರ್‌ನಲ್ಲಿ, ಅಂದರೆ ಶೀರ್ಷಿಕೆ, ದಿನಾಂಕ ಬರೆಯುವ ಮೇಲಿನ ಭಾಗದಲ್ಲಿ, ಸ್ಲಗ್ ಎಂದು ಬರೆಯಬೇಕು. ಸಣ್ಣ ಸ್ಕ್ರಿಪ್ಟ್ ಇದನ್ನು ಮಾಡುತ್ತದೆ. ತುಂಡಾದ ಪದ ಕಣ್ಣಿಗೆ ಚುಚ್ಚಿದರೂ ಅದನ್ನು ತಿದ್ದಬಾರದು.

ಕನ್ನಡದ್ದೇ ಇನ್ನೊಂದು ವಿಷಯ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಒತ್ತಕ್ಷರ ಕೂಡಿಕೊಳ್ಳದ ಹಾಗೆ ನಡುವೆ ಒಂದು ಕಾಣದ ಚಿಹ್ನೆ ಹಾಕುತ್ತೇವೆ. ಅದು ವಿಳಾಸದಲ್ಲಿ ಉಳಿದರೆ ಒಂದು ವಿಳಾಸ, ಬಿದ್ದರೆ ಇನ್ನೊಂದು. ಎರಡಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದೇ ಹೋಗಬಹುದು, ಕಂಪ್ಯೂಟರ್‌ಗೆ ಎರಡೂ ಬೇರೆ. ಆದ್ದರಿಂದ ಹಳೆಯ ಮತ್ತು ಹೊಸ ವಿಳಾಸಗಳನ್ನು ಕಣ್ಣಿಂದ ಹೋಲಿಸಿ ಸುಮ್ನೆ ಇರಬಾರದು. ಸ್ಕ್ರಿಪ್ಟ್‌ನಿಂದ ಹೋಲಿಸಿ.

ವಿಳಾಸದಲ್ಲಿ ವರ್ಷ, ತಿಂಗಳು ಇದ್ದರೆ ದಿನಾಂಕವನ್ನೂ ಗಮನಿಸಿ. ಎಕ್ಸ್‌ಪೋರ್ಟ್‌ನಲ್ಲಿ ಸ್ಥಳೀಯ ಸಮಯ, ನಮಗಿಂತ ಹಿಂದಿರುವ ಜಿಎಂಟಿ ಸಮಯ ಎರಡೂ ಇರುತ್ತವೆ. ಸ್ಕ್ರಿಪ್ಟ್ ಜಿಎಂಟಿ ತೆಗೆದುಕೊಂಡರೆ ಒಂದನೇ ತಾರೀಕಿನ ಬೆಳಗಿನ ಜಾವ ಹಾಕಿದ ಪೋಸ್ಟ್ ಹಿಂದಿನ ತಿಂಗಳಿಗೆ ಜಾರಿಬಿಡಬಹುದು. ವಿಳಾಸವೂ ಅದರ ಜೊತೆ ಬದಲಾಗುತ್ತದೆ.

ಇನ್ನು ಪೋಸ್ಟ್ ಅಲ್ಲದ ವಿಳಾಸಗಳು. ವರ್ಡ್‌ಪ್ರೆಸ್‌ನಲ್ಲಿ ವಿಭಾಗಗಳು ‘ಕೆಟಗರಿ’ ಎಂಬ ಏಕವಚನದ ದಾರಿಯಲ್ಲಿರುತ್ತವೆ, ಹ್ಯೂಗೋದಲ್ಲಿ ‘ಕೆಟಗರೀಸ್’ ಎಂಬ ಬಹುವಚನದಲ್ಲಿ. ಟ್ಯಾಗ್‌ಗಳೂ ಹಾಗೇ. ಚಿತ್ರಗಳ ವಿಷಯದಲ್ಲಿ ನಾನು ಜಾಣತನಕ್ಕೆ ಹೋಗಲೇ ಇಲ್ಲ. ಅಪ್‌ಲೋಡ್ಸ್ ಫೋಲ್ಡರ್ ಅನ್ನು ಇದ್ದ ದಾರಿಯಲ್ಲೇ ಹ್ಯೂಗೋದ ಸ್ಟ್ಯಾಟಿಕ್ ಫೋಲ್ಡರ್‌ಗೆ ನಕಲು ಮಾಡಿದೆ. ವರ್ಡ್‌ಪ್ರೆಸ್ ಒಂದೇ ಚಿತ್ರದ ಹಲವು ಅಳತೆಯ ಪ್ರತಿಗಳನ್ನು ಮಾಡಿಡುತ್ತದೆ. ಹಳೆಯ ಪೋಸ್ಟ್‌ಗಳು ಹೆಚ್ಚಾಗಿ ಆ ಸಣ್ಣ ಪ್ರತಿಗಳನ್ನೇ ತೋರಿಸುತ್ತಿರುತ್ತವೆ, ಹಾಗಾಗಿ ಅವನ್ನೂ ಬಿಡುವ ಹಾಗಿಲ್ಲ.

ಬದಲಾದ ವಿಳಾಸಗಳಿಗೆ ಹ್ಯೂಗೋದಲ್ಲಿ ಏಲಿಯಸ್ ಎಂಬ ಸೌಲಭ್ಯವಿದೆ. ಫ್ರಂಟ್ ಮ್ಯಾಟರ್‌ನಲ್ಲಿ ಹಳೆಯ ವಿಳಾಸ ಬರೆದರೆ ಅಲ್ಲಿ ಒಂದು ಪುಟ್ಟ ಪುಟ ಹುಟ್ಟುತ್ತದೆ, ಓದುಗರನ್ನು ಹೊಸ ಜಾಗಕ್ಕೆ ಕಳಿಸುತ್ತದೆ. ಬ್ರೌಸರ್‌ಗೆ ಇಷ್ಟು ಸಾಕು. ಆದರೆ ಇದು ‘ವಿಳಾಸ ಶಾಶ್ವತವಾಗಿ ಬದಲಾಗಿದೆ’ ಎಂದು ಸರ್ವರ್ ತಾನೇ ಹೇಳಿ ಕಳಿಸುವ 301 ರೀಡೈರೆಕ್ಟ್ ಅಲ್ಲ. ಹೋಸ್ಟಿಂಗ್‌ನಲ್ಲಿ 301 ಕೊಡುವ ದಾರಿ ಇದ್ದರೆ ಅದನ್ನೇ ಬಳಸಿ. ನೆಟ್ಲಿಫೈ ಮತ್ತು ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಇದಕ್ಕೆ ಒಂದು ಸಾದಾ ಪಠ್ಯದ ಫೈಲ್ ಸಾಕು. ಗಿಟ್‌ಹಬ್ ಪೇಜಸ್‌ನಲ್ಲಿ ಅಂಥ ಫೈಲ್ ನಡೆಯುವುದಿಲ್ಲ, ಅಲ್ಲಿ ಏಲಿಯಸ್ಸೇ ಗತಿ.

ಹೊಸ ಪೋಸ್ಟ್‌ಗಳನ್ನು ಓದುಗರ ಫೀಡ್ ರೀಡರ್‌ಗೆ ತಲುಪಿಸುವ ಆರ್‌ಎಸ್‌ಎಸ್ ಫೀಡ್ ಬಗ್ಗೆ ಹೇಳಲೇಬೇಕು, ಏಕೆಂದರೆ ಹಳೆಯ ನಿಷ್ಠಾವಂತ ಓದುಗರು ಅಲ್ಲಿದ್ದಾರೆ. ಫೀಡ್‌ನ ವಿಳಾಸ ಎರಡರಲ್ಲೂ ಬೇರೆ ಬೇರೆ, ಅದಕ್ಕೊಂದು ರೀಡೈರೆಕ್ಟ್ ಬೇಕು. ಅದಕ್ಕಿಂತ ಮುಖ್ಯವಾದದ್ದು ಫೀಡ್‌ನಲ್ಲಿ ಪ್ರತಿ ಪೋಸ್ಟ್‌ಗೆ ಇರುವ ಗುರುತು. ವರ್ಡ್‌ಪ್ರೆಸ್ ಫೀಡ್‌ನಲ್ಲಿ ಅದು ಪೋಸ್ಟ್‌ನ ನಂಬರ್ ಇರುವ ವಿಳಾಸ, ಹ್ಯೂಗೋದಲ್ಲಿ ಪುಟದ ವಿಳಾಸ. ಗುರುತು ಬದಲಾದರೆ ಓದುಗರ ಫೀಡ್ ರೀಡರ್ ಹಳೆಯ ಪೋಸ್ಟ್‌ಗಳನ್ನು ಹೊಸದೆಂದು ಮತ್ತೆ ತೋರಿಸುತ್ತದೆ. ಹಳೆಯ ಗುರುತನ್ನು ಫ್ರಂಟ್ ಮ್ಯಾಟರ್‌ನಲ್ಲಿಟ್ಟು, ಆರ್‌ಎಸ್‌ಎಸ್ ಟೆಂಪ್ಲೇಟ್‌ನಲ್ಲಿ, ಅಂದರೆ ಫೀಡ್‌ನ ಅಚ್ಚಿನಲ್ಲಿ, ಅದನ್ನೇ ಬಳಸುವಂತೆ ಮಾಡಿದೆ. ಹ್ಯೂಗೋ ಫೀಡ್‌ನಲ್ಲಿ ತಾನಾಗಿ ಕೊಡುವುದು ಪೋಸ್ಟ್‌ನ ಸಾರಾಂಶವನ್ನಷ್ಟೇ. ಪೂರ್ತಿ ಪೋಸ್ಟ್ ಕೊಡಬೇಕಾದರೂ ಇದೇ ಟೆಂಪ್ಲೇಟ್‌ನಲ್ಲಿ ಒಂದು ಸಾಲು ಬದಲಿಸಬೇಕು.

ಪಠ್ಯದೊಳಗಿನ ತೊಂದರೆಗಳೂ ಇವೆ. 2019ರ 0.60 ಆವೃತ್ತಿಯಿಂದ ಹ್ಯೂಗೋ ಗೋಲ್ಡ್‌ಮಾರ್ಕ್ ಎಂಬ ಮಾರ್ಕ್‌ಡೌನ್ ಎಂಜಿನ್ ಬಳಸುತ್ತಿದೆ. ಪೋಸ್ಟ್‌ನಲ್ಲಿ ನೇರವಾಗಿ ಎಚ್‌ಟಿಎಂಎಲ್ ಇದ್ದರೆ ಅದು ಆ ಭಾಗವನ್ನು ಬಿಟ್ಟುಬಿಡುತ್ತದೆ. ಹಳೆಯ ಪೋಸ್ಟ್‌ಗಳಲ್ಲಿ ಕೋಷ್ಟಕ, ವಿಡಿಯೋ ಎಲ್ಲ ಎಚ್‌ಟಿಎಂಎಲ್‌ನಲ್ಲೇ ಇರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅನುಮತಿ ಕೊಟ್ಟರೆ ಬರುತ್ತವೆ. ಆ ಸೆಟ್ಟಿಂಗ್‌ನ ಹೆಸರು ‘ಅನ್‌ಸೇಫ್’. ಬರೆದದ್ದೆಲ್ಲ ನಿಮ್ಮದೇ ಆಗಿದ್ದರೆ ಹೆದರಬೇಕಿಲ್ಲ. ಗ್ಯಾಲರಿ, ಕ್ಯಾಪ್ಷನ್‌ನಂಥ ವರ್ಡ್‌ಪ್ರೆಸ್ ಶಾರ್ಟ್‌ಕೋಡ್‌ಗಳು, ಅಂದರೆ ವರ್ಡ್‌ಪ್ರೆಸ್‌ಗಷ್ಟೇ ಅರ್ಥವಾಗುವ ಗುರುತುಗಳು, ಚೌಕ ಆವರಣದ ಸಮೇತ ಪಠ್ಯದಲ್ಲೇ ಉಳಿದಿರಬಹುದು. ಹುಡುಕಿ ತೆಗೆಯಬೇಕು.

ಕನ್ನಡದಲ್ಲಿ ಬರೆಯುವವರು ನೋಡಿಕೊಳ್ಳಬೇಕಾದದ್ದು ದಪ್ಪ ಅಕ್ಷರ. ಉದ್ಧರಣ ಚಿಹ್ನೆಯೊಳಗಿನ ಪದವನ್ನು ಚಿಹ್ನೆಯ ಸಮೇತ ದಪ್ಪ ಮಾಡಿ, ತಕ್ಷಣ ‘ಅನ್ನು’, ‘ಇಂದ’ ತರಹದ ಪ್ರತ್ಯಯ ಅಂಟಿಸಿ ಬರೆದರೆ ಪದ ದಪ್ಪವಾಗುವುದಿಲ್ಲ. ದಪ್ಪ ಮಾಡಲು ಎರಡೂ ಕಡೆ ಹಾಕಿದ ನಕ್ಷತ್ರ ಚಿಹ್ನೆಗಳು ಹಾಗೇ ಪುಟದ ಮೇಲೆ ಕಾಣುತ್ತವೆ. ಮುಚ್ಚುವ ನಕ್ಷತ್ರದ ಹಿಂದೆ ವಿರಾಮ ಚಿಹ್ನೆ, ಮುಂದೆ ಅಕ್ಷರ ಇದ್ದರೆ ಅದನ್ನು ಮುಚ್ಚುವ ಗುರುತು ಎಂದು ಒಪ್ಪಬಾರದು ಎಂಬುದು ಗೋಲ್ಡ್‌ಮಾರ್ಕ್ ಪಾಲಿಸುವ ಕಾಮನ್‌ಮಾರ್ಕ್ ಎಂಬ ಮಾರ್ಕ್‌ಡೌನ್ ಮಾನದಂಡದ ನಿಯಮ. ಪದಗಳ ನಡುವೆ ಜಾಗ ಬಿಡುವ ಭಾಷೆಗಳನ್ನು ನೋಡಿ ಮಾಡಿದ ನಿಯಮ ಇದು. ಪ್ರತ್ಯಯವನ್ನು ಪದಕ್ಕೇ ಅಂಟಿಸುವ ನಮಗೆ ಆಗಾಗ ಅಡ್ಡ ಬರುತ್ತದೆ. ನಕ್ಷತ್ರಗಳನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿದರೆ ಸರಿಯಾಗುತ್ತದೆ.

ವಲಸೆ ಮುಗಿದ ಮೇಲಿನ ದಿನಗಳು ನಿಜಕ್ಕೂ ಹಾಯಾಗಿವೆ. ನೂರಾರು ಪೋಸ್ಟ್‌ಗಳ ಸೈಟ್ ಕೆಲವೇ ಸೆಕೆಂಡ್‌ಗಳಲ್ಲಿ ಕಟ್ಟಿ ಮುಗಿಯುತ್ತದೆ. ಬರೆಯುತ್ತಾ ಸೇವ್ ಮಾಡಿದರೆ ಬ್ರೌಸರ್‌ನಲ್ಲಿ ಪುಟ ತಾನೇ ಬದಲಾಗುತ್ತದೆ. ಎಲ್ಲ ಬರಹ ಸಾದಾ ಫೈಲ್‌ಗಳಲ್ಲಿದೆ, ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಅದರ ಇತಿಹಾಸವಿದೆ. ಯಾವ ಸಾಲನ್ನು ಯಾವಾಗ ತಿದ್ದಿದೆ ಎಂದು ನೋಡಬಹುದು. ನಾಳೆ ಹ್ಯೂಗೋ ಬೇಡವೆಂದರೂ ಈ ಫೈಲ್‌ಗಳು ನನ್ನ ಕೈಯಲ್ಲೇ ಇರುತ್ತವೆ. ಹೋಸ್ಟಿಂಗ್ ಬದಲಿಸುವುದೂ ಒಂದು ಫೋಲ್ಡರ್ ನಕಲು ಮಾಡುವಷ್ಟೇ ಕೆಲಸ.

ಹೊಸಬರನ್ನು ಕಾಡುವ ಒಂದು ನಡವಳಿಕೆ ಇದೆ. ದಿನಾಂಕ ಮುಂದಿನದಾಗಿದ್ದರೆ ಹ್ಯೂಗೋ ಆ ಪೋಸ್ಟ್ ಅನ್ನು ಪ್ರಕಟಿಸುವುದಿಲ್ಲ, ದೂರೂ ಹೇಳುವುದಿಲ್ಲ. ಟೈಮ್‌ಝೋನ್ ಬರೆಯದಿದ್ದರೆ ಈಗಷ್ಟೇ ಬರೆದ ಪೋಸ್ಟ್ ಕೂಡ ಮುಂದಿನದ್ದೆಂದು ಎಣಿಕೆಯಾಗಿ ಕಾಣೆಯಾಗಬಹುದು. ಕಾನ್ಫಿಗ್ ಫೈಲ್‌ನಲ್ಲಿ ಟೈಮ್‌ಝೋನ್ ಬರೆದುಬಿಡಿ.

ಹ್ಯೂಗೋ ಮೇಲೆ ನನ್ನ ದೊಡ್ಡ ದೂರು ಆವೃತ್ತಿಗಳದ್ದು. ಇಷ್ಟು ವರ್ಷವಾದರೂ ಅದು 1.0 ತಲುಪಿಲ್ಲ, ಸೊನ್ನೆಯಿಂದ ಶುರುವಾಗುವ ಆವೃತ್ತಿಗಳಲ್ಲೇ ಇದೆ. ಕಾನ್ಫಿಗ್ ಫೈಲ್‌ನ ಹೆಸರು 0.110ರಲ್ಲಿ ಬದಲಾಯಿತು. ಪೋಸ್ಟ್‌ಗಳ ಪಟ್ಟಿಯನ್ನು ಪುಟಗಳಾಗಿ ಒಡೆಯುವ ಸೆಟ್ಟಿಂಗ್ 0.128ರಲ್ಲಿ. 2025ರ 0.146ರಲ್ಲಿ ಟೆಂಪ್ಲೇಟ್ ಫೋಲ್ಡರ್‌ಗಳ ವ್ಯವಸ್ಥೆಯನ್ನೇ ಹೊಸದಾಗಿ ಮಾಡಿದರು. ಹಳೆಯದು ಕೆಲಕಾಲ ನಡೆಯುವಂತೆ ನೋಡಿಕೊಳ್ಳುತ್ತಾರೆ, ಎಚ್ಚರಿಕೆಯನ್ನೂ ಕೊಡುತ್ತಾರೆ. ಆದರೂ ಬೇರೆಯವರು ಮಾಡಿದ ಥೀಮ್ ಬಳಸಿ, ಅದನ್ನು ಮಾಡಿದವರು ಕೈಬಿಟ್ಟಿದ್ದರೆ, ಒಂದು ದಿನ ಬಿಲ್ಡ್, ಅಂದರೆ ಸೈಟ್ ಕಟ್ಟುವ ಕೆಲಸ, ನಿಲ್ಲುತ್ತದೆ. ನಾನು ಥೀಮ್ ಬಿಟ್ಟು ನನಗೆ ಬೇಕಾದಷ್ಟೇ ಟೆಂಪ್ಲೇಟ್‌ಗಳನ್ನು ಬರೆದುಕೊಂಡಿದ್ದೇನೆ. ಗೋ ಟೆಂಪ್ಲೇಟ್ ಭಾಷೆ ಮೊದಲು ಒರಟು ಎನಿಸುತ್ತದೆ. ಅದರ ಚುಕ್ಕೆ ಎಲ್ಲಿ ಏನನ್ನು ಸೂಚಿಸುತ್ತದೆ ಎಂದು ತಿಳಿಯುವವರೆಗೆ ತಲೆ ತಿನ್ನುತ್ತದೆ, ಆಮೇಲೆ ಪರವಾಗಿಲ್ಲ. ಬಿಲ್ಡ್ ಮಾಡುವ ಜಾಗದಲ್ಲಿ ಹ್ಯೂಗೋ ಆವೃತ್ತಿಯನ್ನು ಒಂದೇ ನಂಬರ್‌ಗೆ ಕಟ್ಟಿಹಾಕಿ, ಬಿಡುವಿದ್ದಾಗ ಮಾತ್ರ ಏರಿಸುತ್ತೇನೆ.

ಹುಡುಕಾಟಕ್ಕೆ ಪೇಜ್‌ಫೈಂಡ್ ಹಾಕಿದ್ದೇನೆ. ಇಂಡೆಕ್ಸ್ ಅನ್ನು ತುಂಡು ತುಂಡಾಗಿ ಇಡುವುದರಿಂದ ಬ್ರೌಸರ್ ಬೇಕಾದಷ್ಟನ್ನೇ ಇಳಿಸಿಕೊಳ್ಳುತ್ತದೆ. ಕನ್ನಡದ ಪ್ರತ್ಯಯಗಳನ್ನು ಬಿಡಿಸಿ ಮೂಲ ಪದ ಹಿಡಿಯುವುದು ಅದಕ್ಕೆ ಬರುವುದಿಲ್ಲ. ‘ಮನೆ’ ಎಂದರೆ ‘ಮನೆಯಲ್ಲಿ’ ಸಿಗುತ್ತದೆ, ‘ಮರ’ ಎಂದರೆ ‘ಮರದಲ್ಲಿ’ ಸಿಗುತ್ತದೆ. ‘ಮರದಲ್ಲಿ’ ಎಂದು ಹುಡುಕಿ ‘ಮರಗಳು’ ನಿರೀಕ್ಷಿಸಬೇಡಿ. ಹಳೆಯ ಕಮೆಂಟ್‌ಗಳನ್ನು ಡೇಟಾ ಫೈಲ್‌ಗಳಾಗಿ ಮಾಡಿ ಆಯಾ ಪೋಸ್ಟ್‌ನ ಕೆಳಗೆ ತೋರಿಸುತ್ತಿದ್ದೇನೆ. ಓದುಗರು ಪ್ರೀತಿಯಿಂದ ಬರೆದದ್ದನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಹೊಸ ಕಮೆಂಟ್‌ಗಳಿಗೆ ಗಿಸ್ಕಸ್ ಇದೆ, ಆದರೆ ಅದಕ್ಕೆ ಓದುಗರ ಬಳಿ ಗಿಟ್‌ಹಬ್ ಖಾತೆ ಇರಬೇಕು. ಸಾಮಾನ್ಯ ಓದುಗರಿಗೆ ಇದು ಆಗದ ಮಾತು. ನಾನು ಈಮೇಲ್ ವಿಳಾಸ ಕೊಟ್ಟು ಸಮಾಧಾನಪಟ್ಟಿದ್ದೇನೆ.

ಫೋನ್‌ನಿಂದ ಬರೆಯುವವರಿಗೆ, ಹಲವರು ಸೇರಿ ನಡೆಸುವ ಬ್ಲಾಗ್‌ಗಳಿಗೆ ಹ್ಯೂಗೋ ಬಳಸಿ ಎಂದು ಹೇಳಲಾರೆ. ಡಿಕ್ಯಾಪ್ ಸಿಎಂಎಸ್‌ನಂಥವು ಬ್ರೌಸರ್‌ನಲ್ಲೇ ಬರೆಯುವ ಪುಟ ಕೊಡುತ್ತವೆ ನಿಜ, ಅವನ್ನು ಕೂರಿಸುವುದೇ ಇನ್ನೊಂದು ಕೆಲಸ. ಅಂಥವರು ವರ್ಡ್‌ಪ್ರೆಸ್‌ನಲ್ಲೇ ಇರುವುದು ಒಳ್ಳೆಯದು. ಒಬ್ಬರೇ ಬರೆಯುವವರಾಗಿದ್ದು, ಕಮಾಂಡ್ ಲೈನ್ ಕಂಡು ಹೆದರದಿದ್ದರೆ ಹೊರಡಿ. ಹೊರಡುವ ಮೊದಲು ಹಳೆಯ ಸೈಟ್‌ನ ಸೈಟ್‌ಮ್ಯಾಪ್, ಅಂದರೆ ವಿಳಾಸಗಳ ಪಟ್ಟಿ, ಇಳಿಸಿಕೊಳ್ಳಿ, 2020ರ 5.5 ಆವೃತ್ತಿಯಿಂದ ವರ್ಡ್‌ಪ್ರೆಸ್ ತಾನೇ ಅದನ್ನು ಕೊಡುತ್ತದೆ. ಅದರಲ್ಲಿರುವ ಪ್ರತಿ ವಿಳಾಸವನ್ನೂ ಹೊಸ ಸೈಟ್‌ನಲ್ಲಿ ಸ್ಕ್ರಿಪ್ಟ್‌ನಿಂದ ತೆರೆದು ನೋಡಿ. ಎಲ್ಲವೂ ತೆರೆಯುವವರೆಗೆ ಹಳೆಯ ಹೋಸ್ಟಿಂಗ್ ಅನ್ನು ಮುಚ್ಚಬೇಡಿ.