ಕಾರಿನ ಗೀರು: ಕಾಂಪೌಂಡ್, ಟಚಪ್, ಟೂತ್‌ಪೇಸ್ಟ್ ಮೂರನ್ನೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಬ್ಬಿಂಗ್ ಕಾಂಪೌಂಡಿಗೆ, ಅಂದರೆ ಬಣ್ಣದ ಮೇಲ್ಪದರ ಉಜ್ಜಿ ಸಮ ಮಾಡುವ ಪೇಸ್ಟಿಗೆ. 350 ರೂಪಾಯಿಯ ಒಂದು ಡಬ್ಬಿ, ಎರಡು ಮೈಕ್ರೋಫೈಬರ್ ಬಟ್ಟೆ, ಒಂದು ಭಾನುವಾರದ ಬೆಳಿಗ್ಗೆ. ಅಷ್ಟೇ ಬೇಕಾಗಿದ್ದು.

ನಾವಿರುವುದು ಕಾರವಾರದಲ್ಲಿ, ಹೆಂಡತಿಯ ತವರು ಶಿರಸಿ ಹತ್ತಿರ. ತಿಂಗಳಿಗೊಮ್ಮೆ ಕುಮಟಾಕ್ಕೆ ಹೋಗಿ ದೇವಿಮನೆ ಘಟ್ಟ ಹತ್ತುತ್ತೇವೆ. ಡಾಂಬರು ರಸ್ತೆ ಬಿಟ್ಟು ಅವರ ಮನೆಗೆ ಇಳಿಯುವ ಮಣ್ಣುದಾರಿ ಕಾರಿನಷ್ಟೇ ಅಗಲ, ಎರಡೂ ಕಡೆ ಬೇಲಿ. ಮಳೆಗಾಲದಲ್ಲಿ ಗಿಡಗಂಟಿ ದಾರಿಗೇ ಚಾಚಿಕೊಂಡು ಬಾಗಿಲುಗಳ ಮೇಲೆಲ್ಲ ಕೂದಲೆಳೆಯಂಥ ಗೀರು. ನಮ್ಮದು ಕಡುನೀಲಿ ಕಾರು ಬೇರೆ, ಬಿಸಿಲಿಗೆ ನಿಲ್ಲಿಸಿದರೆ ಒಂದೊಂದೂ ಎದ್ದು ಕಾಣುತ್ತದೆ. ಇದು ಸಾಲದು ಅಂತ ಕಳೆದ ಜುಲೈಯಲ್ಲಿ ಹಿಂದಿನ ಬಾಗಿಲು ಮನೆಯ ಚಿರೆಕಲ್ಲಿನ ಪಾಗಾರಕ್ಕೆ ಉಜ್ಜಿತು. ಅಲ್ಲಿ ತಗಡೇ ಕಾಣುತ್ತಿತ್ತು.

ಟೂತ್‌ಪೇಸ್ಟ್ ವಿಷಯ ಒಂದೇ ಸಾಲಲ್ಲಿ ಮುಗಿಸುತ್ತೇನೆ: ಅರ್ಧ ಗಂಟೆ ಉಜ್ಜಿದೆ, ಒದ್ದೆ ಇರುವಾಗ ಗೀರು ಮಾಯವಾದಂತೆ ಕಂಡಿತು, ಒಣಗಿದ ಮೇಲೆ ಹಾಗೇ ಇತ್ತು.

ಕಾಂಪೌಂಡ್ ಹಚ್ಚುವ ಮೊದಲು ಗೀರಿನ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಕ್ಲಿಯರ್ ಕೋಟಿನಲ್ಲೇ (ಬಣ್ಣದ ಮೇಲಿನ ಪಾರದರ್ಶಕ ಪದರ) ಇದೆ ಅಂತ ಲೆಕ್ಕ. ಕಾಂಪೌಂಡ್ ಗೀರನ್ನು ತುಂಬುವುದಿಲ್ಲ, ಅಕ್ಕಪಕ್ಕದ ಪದರವನ್ನು ಚೂರು ಸವೆಸಿ ಸಮ ಮಾಡುತ್ತದೆ. ಆ ಪದರ ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಕೂದಲಿಗಿಂತ ತೆಳು, ಹಾಗಾಗಿ ತಿಂಗಳು ತಿಂಗಳೂ ಉಜ್ಜುವ ಹಾಗಿಲ್ಲ. ಕಾರನ್ನು ಚೆನ್ನಾಗಿ ತೊಳೆಯಿರಿ, ಒಂದು ಕಣ ಕೆಂಪು ಮಣ್ಣು ಉಳಿದರೂ ಬಟ್ಟೆಯಡಿ ಸಿಕ್ಕಿ ಹೊಸ ಗೀರು ಬೀಳುತ್ತದೆ. ನೆರಳಲ್ಲಿ ಉಜ್ಜಿ, ಆಮೇಲೆ ವ್ಯಾಕ್ಸ್ ಹಚ್ಚಿ. ಕಪ್ಪು ಪ್ಲಾಸ್ಟಿಕ್ಕಿಗೆ ಮೊದಲೇ ಟೇಪ್ ಅಂಟಿಸಿ, ಬಿಳಿ ಕಲೆ ಕೂತರೆ ಬೇಗ ಹೋಗುವುದಿಲ್ಲ. ಬೇಲಿಯ ಗೀರುಗಳಲ್ಲಿ ಹತ್ತರಲ್ಲಿ ಎಂಟು ಹೋದವು.

ಪಾಗಾರದ ಗೀರಿಗೆ ಮಾತ್ರ ಟಚಪ್ಪೇ ಗತಿ, ಅಂದರೆ ಕಾರಿನದೇ ಬಣ್ಣವನ್ನು ಆ ಜಾಗಕ್ಕಷ್ಟೇ ಹಚ್ಚುವುದು. ಬಣ್ಣದ ಕೋಡ್ ಕಾರಿನ ಮೇಲಿನ ಕಂಪನಿಯ ಮಾಹಿತಿ ಪ್ಲೇಟಿನಲ್ಲೇ ಇರುತ್ತದೆ, ಅದನ್ನು ನೋಡಿ ತರಿಸಿದ ಸೆಟ್ಟಿಗೆ 700 ರೂಪಾಯಿ ಆಯಿತು. ಬಣ್ಣವೂ ಸರಿಯಾಗಿಯೇ ಹೊಂದಿತು. ತೊಂದರೆ ಕೊಟ್ಟಿದ್ದು ನಮ್ಮ ಮಳೆ.

ಬಣ್ಣ ಒಣಗಿತು ಅಂದುಕೊಂಡು ಮೇಲೆ ಕ್ಲಿಯರ್ ಹಚ್ಚಿದೆ. ಐದೇ ನಿಮಿಷಕ್ಕೆ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಯಿತು! ತೇವದ ಗಾಳಿಯಲ್ಲಿ ಹೀಗಾಗುತ್ತದೆ: ಥಿನ್ನರ್ ಬೇಗ ಆರುವಾಗ ಆ ಜಾಗ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂತು ಕ್ಲಿಯರಿನೊಳಗೆ ಸಿಕ್ಕಿಕೊಳ್ಳುತ್ತದೆ. ಥಿನ್ನರಿನಲ್ಲಿ ಒರೆಸಿದರೆ ಕೆಳಗಿನ ಹೊಸ ಬಣ್ಣವೂ ಎದ್ದು ಬಂತು. ಮತ್ತೆ ಹಚ್ಚಿದೆ, ಮತ್ತೆ ಬಿಳಿ. ಮೂರನೇ ಸಲ ಹೇರ್ ಡ್ರೈಯರ್ ಹಿಡಿದು ಬಾಗಿಲು ಬೆಚ್ಚಗೆ ಮಾಡಿಕೊಂಡೆ, ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಮಳೆ ನಿಲ್ಲುವವರೆಗೆ ಸುಮ್ನೆ ಬಿಡೋಣ ಅಂದರೆ ಸಮುದ್ರದ ಗಾಳಿ ಬಿಡುತ್ತದಾ? ಟಚಪ್ ಸೆಟ್ ಬರುವ ಮೊದಲೇ ಬರಿ ತಗಡಿಗೆ ಕೆಂಪು ತುಕ್ಕು ಹತ್ತಿತ್ತು, ಎಮರಿ ಪೇಪರಿನಲ್ಲಿ ಉಜ್ಜಿ ತೆಗೆದು ಪ್ರೈಮರ್ ಹಚ್ಚಿದ್ದೆ. ಕೊನೆಗೆ ಪ್ರೈಮರ್, ಬಣ್ಣ ಎರಡೇ ಇಟ್ಟುಕೊಂಡು ಕ್ಲಿಯರ್ ಕೆಲಸವನ್ನು ಡಿಸೆಂಬರಿಗೆ ಮುಂದೂಡಿದೆ. ಒಣ ಬಿಸಿಲಿದ್ದ ಒಂದು ದಿನ ಹಚ್ಚಿದರೆ ಒಂದೇ ಸಲಕ್ಕೆ ಗಾಜಿನಂತೆ ನಿಂತಿತು. ಹತ್ತಿರ ಹೋದರೆ ಗುರುತು ಕಾಣುತ್ತದೆ, ನನಗೆ ಅಷ್ಟು ಸಾಕು.

ಗ್ಯಾರೇಜಿನಲ್ಲಿ ಆ ಒಂದು ಬಾಗಿಲಿಗೆ 4000 ಕೇಳಿದ್ದರು. ವಿಮೆಯ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ, ಐದು ವರ್ಷ ಕ್ಲೇಮ್ ಇಲ್ಲದೆ ಕಳೆದರೆ ಅದು 50 ಪರ್ಸೆಂಟ್ ಮುಟ್ಟುತ್ತದೆ ಅಲ್ವಾ, ಗೀರಿಗಾಗಿ ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಕೈಕೆಲಸ ಇಷ್ಟ, ಭಾನುವಾರ ಬಿಡುವೂ ಇದೆ, ಹಾಗಾಗಿ ಕಾಂಪೌಂಡಿನ ಡಬ್ಬಿ ಈಗ ಡಿಕ್ಕಿಯಲ್ಲೇ ಇರುತ್ತದೆ. ಈ ಸಲ ಮಳೆ ಮುಗಿದ ಕೂಡಲೇ ಆ ದಾರಿಯ ಬೇಲಿ ಸವರೋಣ ಅಂತ ಭಾವನಿಗೂ ಹೇಳಿದ್ದೇನೆ.