ಕೆಲಸ ಬಿಟ್ಟು ಕಲಿಯುವುದೋ, ಕೆಲಸದಲ್ಲಿದ್ದೇ ಕಲಿಯುವುದೋ?

ವೃತ್ತಿ ಬದಲಿಸಲು ಹೊರಟವರ ಮುಂದೆ ಸಾಮಾನ್ಯವಾಗಿ ಈ ಎರಡೇ ದಾರಿ.

ಬಿಟ್ಟು ಕಲಿತರೆ ಕಲಿಕೆ ಬೇಗ ಮುಗಿಯುತ್ತದೆ. ನರ್ಸಿಂಗ್‌ನಂತೆ ಆಸ್ಪತ್ರೆಯಲ್ಲೇ ತರಬೇತಿ ಪಡೆಯಬೇಕಾದ ವೃತ್ತಿಗಳಿಗೆ ಬೇರೆ ದಾರಿಯೂ ಕಡಿಮೆ. ಆದರೆ ಉಳಿತಾಯ ಕರಗಿದಂತೆಲ್ಲ ಸಿಕ್ಕಿದ ಮೊದಲ ಕೆಲಸಕ್ಕೇ ಒಪ್ಪಿಕೊಳ್ಳುವ ಪರಿಸ್ಥಿತಿ; ಸಂಬಳದ ಚೌಕಾಸಿಗೆ ಬಾಯಿಯೇ ಬರುವುದಿಲ್ಲ.

ಇದ್ದುಕೊಂಡೇ ಕಲಿಯುವುದು ನಿಧಾನ, ದಣಿವೂ ಹೆಚ್ಚು. ಆದರೆ ಹೊಸ ಕೆಲಸ ನಮಗೆ ಒಗ್ಗುತ್ತದೆಯೇ ಎಂಬುದು ದೊಡ್ಡ ನಷ್ಟವಿಲ್ಲದೆ ಗೊತ್ತಾಗುತ್ತದೆ. ಲೆಕ್ಕಪತ್ರ ವಿಭಾಗದಲ್ಲಿದ್ದು ಡೇಟಾ ವಿಶ್ಲೇಷಣೆಗೆ ಹೋಗಬೇಕೆನ್ನುವವರು ತಿಂಗಳ ವರದಿಯನ್ನೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡಿ ನೋಡಲಿ. (ಕಚೇರಿಯ ಗೋಪ್ಯ ಅಂಕಿಅಂಶ ಮಾತ್ರ ಹೊರಗೆ ಒಯ್ಯಬಾರದು.) ಸಂದರ್ಶನದಲ್ಲಿ ಬರಿ ಪ್ರಮಾಣಪತ್ರಕ್ಕಿಂತ ಹೀಗೆ ಮಾಡಿ ತೋರಿಸಿದ್ದಕ್ಕೇ ತೂಕ.

ಪೂರ್ಣಾವಧಿ ತರಬೇತಿ ಕಡ್ಡಾಯವಿಲ್ಲದಿದ್ದರೆ ನನ್ನ ಓಟು ಎರಡನೆಯದಕ್ಕೇ. ಮೊದಲನೆಯದು, ಓದು ಮುಗಿದ ಮೇಲೂ ಕೆಲವು ತಿಂಗಳ ಖರ್ಚಿಗೆ ದುಡ್ಡು ಉಳಿಯುವವರಿಗೆ.