ಅರವತ್ತರ ಆಸುಪಾಸಿನವ್ರು ಬಸ್ಕಿ ಚಾಲೆಂಜ್ ಗ್ರೂಪಿಗೆ ಸೇರೋ ಮುಂಚೆ ಇದನ್ನ ಓದಿ

ಶಿವಮೊಗ್ಗದಲ್ಲಿ ಈಗ ಬಡಾವಣೆಗೊಂದು ಫಿಟ್ನೆಸ್ ಗ್ರೂಪ್ ಹುಟ್ಕೊಂಡಿದೆ, ಅದ್ರಲ್ಲೂ ರಿಟೈರ್ ಆದವ್ರನ್ನೇ ಹುಡುಕಿ ಸೇರಿಸ್ಕೊಳ್ಳೋವು ಜಾಸ್ತಿ. ಅಂಥ ಒಂದಕ್ಕೆ ಸೇರಿ ನಮ್ಮನೆಯವ್ರು ಡಯಾಲಿಸಿಸ್ ಬಾಗಿಲ ತನಕ ಹೋಗಿ ವಾಪಸ್ ಬಂದ್ರು. ಗ್ರೂಪಿನ ಹೆಸರು ಹಾಕಲ್ಲ, ಇವತ್ತು ಒಂದು ಹೆಸರು ನಾಳೆ ಇನ್ನೊಂದು ಹೆಸರು ಇಟ್ಕೊಂಡು ಬರ್ತಾರೆ, ಅವ್ರು ನಡೆಸೋ ರೀತಿ ಗೊತ್ತಿದ್ರೆ ಸಾಕು.

ನಮ್ಮನೆಯವ್ರಿಗೆ 61. ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಎರಡೂ ನಡೀತಿದೆ, ಅದು ಬಿಟ್ರೆ ಆರಾಮಾಗಿದ್ರು. ಬೆಳಿಗ್ಗೆ ಫ್ರೀಡಂ ಪಾರ್ಕಲ್ಲಿ ವಾಕಿಂಗು, ರಜೆ ಇದ್ದಾಗ ತೀರ್ಥಹಳ್ಳಿ ಕಡೆ ಊರಿಗೆ ಹೋಗಿ ತೋಟ ಸುತ್ತಿ ಬರೋದು. ನಮ್ಮ ಮಲೆನಾಡಿನ ಗಂಡಸ್ರಿಗೆಲ್ಲ ಇರೋ ಧೈರ್ಯ ಇವ್ರಿಗೂ ಇತ್ತು, ಗುಡ್ಡ ಹತ್ತಿ ಅಡಿಕೆ ಗೊನೆ ಹೊತ್ತ ಮೈ ಇದು, ಇದಕ್ಕೆಂತ ಆಗತ್ತೆ ಅಂತ. ಗೊನೆ ಹೊತ್ತಿದ್ದು ಇಪ್ಪತ್ತನೇ ವಯಸ್ಸಲ್ಲಿ, ಆಮೇಲಿಂದ ರಿಟೈರ್ ಆಗೋವರೆಗೂ ಕುರ್ಚಿ ಮೇಲೆ ಕೂತಿದ್ದು ಮಾತ್ರ ಲೆಕ್ಕಕ್ಕೆ ಬರಲ್ಲ.

ಕೋಚ್ ಅನ್ನೋನು ಪರಿಚಯ ಆಗಿದ್ದು ವಾಕಿಂಗಲ್ಲೇ. ಮೂವತ್ತರ ಹುಡುಗ, ಅಂಕಲ್ ಅಂಕಲ್ ಅಂತ ಬಹಳ ಪ್ರೀತಿಯಿಂದ ಮಾತಾಡಿಸ್ತಾನೆ, ನಿಮ್ಮನ್ನ ನೋಡಿದ್ರೆ ಅರವತ್ತು ಅಂತ ಯಾರೂ ಹೇಳಲ್ಲ ಅಂಕಲ್ ಅಂದ್ರೆ ಯಾರಿಗೆ ಖುಷಿಯಾಗಲ್ಲ ಹೇಳಿ. ಫೀಸು ಕಟ್ಟಿಸ್ಕೊಂಡು ವಾಟ್ಸಾಪ್ ಗ್ರೂಪಿಗೆ ಹಾಕ್ದ. ತುಂಬಿಸ್ಕೊಂಡ ಫಾರಂ ನಾನು ಆಮೇಲೆ ನೋಡಿದ್ದು. ಟೀ ಶರ್ಟ್ ಸೈಜು ಕೇಳಿದಾರೆ, ಮೊಬೈಲ್ ನಂಬರ್ ಕೇಳಿದಾರೆ, ಫೋಟೋ ಹಾಕೋಕೆ ಒಪ್ಪಿಗೆ ಇದೆಯಾ ಕೇಳಿದಾರೆ, ಯಾವ ಮಾತ್ರೆ ತಗೋತೀರಿ ಅನ್ನೋ ಪ್ರಶ್ನೆ ಮಾತ್ರ ಎಲ್ಲೂ ಇಲ್ಲ. ಕೊನೇಲಿ ಸಣ್ಣ ಅಕ್ಷರದಲ್ಲಿ, ಏನೇ ಆದ್ರೂ ನಾನೇ ಜವಾಬ್ದಾರಿ ಅಂತ ಒಂದು ಸಾಲು, ಕೆಳಗೆ ಇವ್ರ ಸಹಿ.

ಗ್ರೂಪಲ್ಲಿ ಬೆಳಗಾದ್ರೆ ಫೌಜಾ ಸಿಂಗ್ ವಿಡಿಯೋ. ಆ ಅಜ್ಜ 89ನೇ ವಯಸ್ಸಲ್ಲಿ, 2000ದಲ್ಲಿ ಲಂಡನ್ ಮ್ಯಾರಥಾನ್ ಓಡಿದ್ದು ನಿಜ, 2011ರಲ್ಲಿ ನೂರು ತುಂಬಿದ ಮೇಲೆ ಟೊರಾಂಟೊದಲ್ಲಿ ಮುಗಿಸಿದ್ದೂ ನಿಜ. ಆದ್ರೆ ಟೊರಾಂಟೊದಲ್ಲಿ ಅವ್ರು ಎಂಟು ಗಂಟೆಗೂ ಜಾಸ್ತಿ ತಗೊಂಡು, ತಮ್ಮ ಪಾಡಿಗೆ ತಾವು ನಿಧಾನಕ್ಕೆ ಮುಗಿಸಿದ್ದು. ಅದನ್ನ ಗ್ರೂಪಲ್ಲಿ ಯಾರೂ ಹೇಳಲ್ಲ. ಇಲ್ಲಿ ಏನಿದ್ರೂ ರಾತ್ರಿ ಒಂಬತ್ತಕ್ಕೆ ಲಿಸ್ಟ್ ಬರತ್ತೆ, ಯಾರು ಮೊದಲು ಯಾರು ಕೊನೆ ಅಂತ, ಕೊನೇಲಿರೋರ ಹೆಸರಿನ ಮುಂದೆ ಆಮೆ ಚಿತ್ರ. ದಿನಕ್ಕೆ 10,000 ಹೆಜ್ಜೆ ಕಡ್ಡಾಯ. ಈ ಹತ್ತು ಸಾವಿರ ಅನ್ನೋದು ಯಾವ ಡಾಕ್ಟ್ರು ಕೊಟ್ಟ ಲೆಕ್ಕಾನೂ ಅಲ್ಲವಂತೆ, 1960ರ ದಶಕದಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸೋ ಮೆಷಿನ್ ಮಾರೋಕೆ ಇಟ್ಟ ಹೆಸರು ಅಂತ ಮಗ ಹೇಳ್ದ. ಇರ್ಲಿ, ನಡಿಗೆಯಿಂದ ಇವ್ರಿಗೆ ತೊಂದ್ರೆ ಆಗಿಲ್ಲ.

ತೊಂದ್ರೆ ಆಗಿದ್ದು ಬಸ್ಕಿಯಿಂದ. ಮೊದಲು ಐವತ್ತು, ಆಮೇಲೆ ನೂರು, ಶಿವರಾತ್ರಿ ಕಳೆದ್ಮೇಲೆ ಒಂದು ಶನಿವಾರ ಒಂದೇ ಸಲಕ್ಕೆ ಐನೂರು, ಮಾರನೇ ದಿನ ಕೊಡಚಾದ್ರಿ. ಜೀಪಲ್ಲಲ್ಲ, ನಿಟ್ಟೂರು ಕಡೆಯಿಂದ ಹಿಡ್ಲುಮನೆ ಫಾಲ್ಸ್ ದಾರೀಲಿ ಹತ್ತೋದು, ಹತ್ತಿ ಮತ್ತೆ ನಡ್ಕೊಂಡೇ ಇಳಿಯೋದು. 1,343 ಮೀಟರ್ ಬೆಟ್ಟ, ಮಾರ್ಚ್ ಬಿಸಿಲು. ನಮ್ಮಲ್ಲಿ ಗರಡಿಮನೆ ಇದ್ದ ಕಾಲದಲ್ಲೂ ಐನೂರು ಬಸ್ಕಿ ಹೊಡೆಯೋರು ಇದ್ರು ಅಂತ ಇವ್ರು ವಾದ ಮಾಡ್ತಾರೆ, ಇದ್ರು ಮಾರಾಯ್ರೆ, ಅವ್ರು ಮೀಸೆ ಚಿಗುರೋ ಮುಂಚೆ ಶುರು ಮಾಡಿ ವರ್ಷಗಟ್ಟಲೆ ಒಂದೊಂದೇ ಏರಿಸ್ಕೊಂಡು ಬಂದವ್ರು.

ಹತ್ತೋವಾಗ ಸುಸ್ತು, ಆದ್ರೆ ಸ್ನಾಯು ಹಾಳಾಗೋದು ಇಳಿಯೋವಾಗ ಜಾಸ್ತಿ ಅಂತ ಆಸ್ಪತ್ರೇಲಿ ಗೊತ್ತಾಯ್ತು. ಬಸ್ಕೀಲೂ ಕೂರೋವಾಗ, ಬೆಟ್ಟದಲ್ಲೂ ಇಳಿಯೋವಾಗ, ತೊಡೆ ಸ್ನಾಯು ಹಿಗ್ಗುತ್ತಾ ಹಿಗ್ಗುತ್ತಾನೇ ಭಾರ ತಡೀಬೇಕು, ಆಗ್ಲೇ ಎಳೆಗಳು ಹರಿಯೋದು. ಹಿಂದಿನ ದಿನ ಐನೂರು ಹೊಡೆದ ಕಾಲನ್ನ ಮಾರನೇ ದಿನ ಕೊಡಚಾದ್ರಿ ಇಳಿಸಿದ್ರೆ ಏನಾಗತ್ತೆ ಅಂತ ಕಾರ್ಯಕ್ರಮ ಬರೆದವನಿಗೆ ಗೊತ್ತಿರ್ಬೇಕಿತ್ತು. ಇಳಿಯೋವಾಗ ಇವ್ರ ಕಾಲು ನಡುಗೋಕೆ ಶುರುವಾಗಿದೆ, ಆ ಹುಡುಗ ಬ್ಯಾಗಿಂದ ನೋವಿನ ಮಾತ್ರೆ ತೆಗೆದು ಕೊಟ್ಟಿದಾನೆ, ಸಂಜೆಗೆ ಇನ್ನೊಂದು. ನೀರು ಜಾಸ್ತಿ ಕುಡೀಬೇಡಿ, ಹೊಟ್ಟೆ ಭಾರ ಆಗತ್ತೆ ಅಂತ ಉಪದೇಶ ಬೇರೆ. ಮೈಯಲ್ಲಿ ನೀರು ಕಮ್ಮಿ ಇದ್ದಾಗ ಡೈಕ್ಲೋ ಥರದ ನೋವಿನ ಮಾತ್ರೆ ನುಂಗಿದ್ರೆ ಕಿಡ್ನಿಗೆ ಹೋಗೋ ರಕ್ತ ಇನ್ನೂ ಕಮ್ಮಿ ಆಗತ್ತೆ. ಇವ್ರ ಬಿಪಿ ಮಾತ್ರೇಲಿ ಮೂತ್ರ ಜಾಸ್ತಿ ಮಾಡಿಸೋ ಔಷಧಿ ಸೇರಿತ್ತು ಅನ್ನೋದನ್ನ ಕೇಳೋರು ಯಾರು.

ಸೋಮವಾರ ನೋವು. ಎಲ್ಲರಿಗೂ ನೋವು, ಗ್ರೂಪ್ ತುಂಬಾ ನಗೋ ಚಿತ್ರಗಳು, ನೋವು ಅಂದ್ರೆ ಮೈ ಬದಲಾಗ್ತಿದೆ ಅಂತ ಕೋಚ್ ವಾಯ್ಸ್ ಮೆಸೇಜ್. ಮಂಗಳವಾರ ಬೆಳಿಗ್ಗೆ ಇವ್ರು ಕಮೋಡಿಂದ ಏಳೋಕಾಗ್ದೆ ಒಳಗಿಂದ್ಲೇ ನನ್ನ ಕೂಗಿದ್ರು. ತೊಡೆ ಮುಟ್ಟಿದ್ರೆ ಗಟ್ಟಿ, ಊದ್ಕೊಂಡಿದೆ. ಮೂತ್ರ ನೋಡಿದ್ರೆ ಡಿಕಾಕ್ಷನ್ ಬಣ್ಣ.

ಇಲ್ಲಿ ಒಂದು ದಿನ ವೇಸ್ಟ್ ಆಯ್ತು, ನಮ್ಮ ಕಡೆಯವ್ರು ಇದನ್ನ ಗಮನ ಇಟ್ಟು ಓದಿ. ಮೂತ್ರದ ಬಣ್ಣ ತಿರುಗಿದ್ರೆ ಮಲೆನಾಡಲ್ಲಿ ಬರೋ ಮೊದಲನೇ ಮಾತು ಉಷ್ಣ, ಎರಡನೇ ಮಾತು ಕಾಮಾಲೆ. ನಮ್ಮತ್ತೆ ಜೀರಿಗೆ ಕಷಾಯ ಮಾಡಿದ್ರು, ಭಾವ ಫೋನ್ ಮಾಡಿ ಕಾಮಾಲೆ ಔಷಧಿ ಕೊಡೋರ ಊರು ಹೇಳಿ, ಬೆಳಿಗ್ಗೆ ಖಾಲಿ ಹೊಟ್ಟೇಲಿ ಕರ್ಕೊಂಡು ಹೋಗಿ, ಉಪ್ಪು ಎಣ್ಣೆ ಬಿಡ್ಸಿ ಅಂದ್ರು. ಕಣ್ಣು ಬೆಳ್ಳಗೇ ಇದೆಯಲ್ರೀ ಅಂದೆ ನಾನು, ಶುರುವಲ್ಲಿ ಹಂಗೇ ಇರತ್ತೆ ಅಂದ್ರು. ಬುಧವಾರ ಬೆಳಿಗ್ಗೆ ಆ ಕಡೆ ಹೊರಡೋಕೆ ಕಾರು ತೆಗೆಯೋ ಹೊತ್ತಿಗೆ ಮೂತ್ರ ಬರೋದೇ ನಿಂತ ಹಾಗಾಗಿತ್ತು, ಕಾರು ಆಸ್ಪತ್ರೆ ಕಡೆ ತಿರುಗಿಸಿದ್ವಿ.

ಆಸ್ಪತ್ರೇಲಿ ಡ್ಯೂಟಿ ಡಾಕ್ಟ್ರು ಮೊದಲು ಕೇಳಿದ್ದು, ಗದ್ದೆ ಕೆಸರಿಗೆ ಇಳಿದಿದ್ರಾ, ಕಾಡಿಗೆ ಹೋಗಿದ್ರಾ ಅಂತ. ಇಲಿ ಜ್ವರ ಇದ್ರೂ ಮೀನಖಂಡ ಹಿಂಡೋ ಥರ ನೋವು, ಮೂತ್ರದ ಬಣ್ಣ ಬದಲು. ಇನ್ನು ತೀರ್ಥಹಳ್ಳಿ ಕಡೆ ಅಂದ್ಮೇಲೆ ಬೇಸಿಗೇಲಿ ಮೈಕೈ ನೋವು ಅಂದ್ರೆ ಮಂಗನ ಕಾಯಿಲೆ ಕೇಳ್ಲೇಬೇಕು, ಅದು ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ಜ್ವರ ಇರ್ಲಿಲ್ಲ. ಮೂತ್ರದ ಪಟ್ಟಿ ಪರೀಕ್ಷೇಲಿ ರಕ್ತ ಇದೆ ಅಂತ ತೋರಿಸ್ತು, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕೆಂಪು ರಕ್ತಕಣವೇ ಇಲ್ಲ. ಆಗ ಆ ಡಾಕ್ಟ್ರು ತಲೆ ಎತ್ತಿ, ಈ ವಾರ ಏನಾದ್ರೂ ವಿಪರೀತ ವ್ಯಾಯಾಮ ಮಾಡಿದ್ರಾ ಅಂದ್ರು.

ಇದರ ಹೆಸರು ರಾಬ್ಡೋಮಯೋಲಿಸಿಸ್. ಸ್ನಾಯು ಒಡೆದು ಒಳಗಿರೋ ಮಯೋಗ್ಲೋಬಿನ್ ಅನ್ನೋದು ರಕ್ತಕ್ಕೆ ಸೇರತ್ತೆ, ಪಟ್ಟಿ ಅದನ್ನೇ ರಕ್ತ ಅಂತ ತಿಳ್ಕೊಳ್ಳೋದು, ಅದು ಹೋಗಿ ಕಿಡ್ನಿಯ ನಾಳಗಳಲ್ಲಿ ಕಟ್ಕೊಳ್ಳತ್ತೆ. ಸ್ನಾಯು ಎಷ್ಟು ಒಡೆದಿದೆ ಅಂತ ತಿಳಿಯೋಕೆ ಸಿಪಿಕೆ ಅಂತ ರಕ್ತ ಪರೀಕ್ಷೆ ಇದೆ, ಸಾಮಾನ್ಯವಾಗಿ 200ರ ಆಸುಪಾಸಲ್ಲಿ ಇರ್ಬೇಕಾದ್ದು ಇವ್ರದ್ದು 40,000 ದಾಟಿತ್ತು. ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸೋ ಕ್ರಿಯಾಟಿನಿನ್, ಒಂದರ ಆಸುಪಾಸಲ್ಲಿ ಇರ್ಬೇಕಾದ್ದು, ನಾಲ್ಕರ ಮೇಲೆ. ಒಡೆದ ಸ್ನಾಯುವಿಂದ ಪೊಟ್ಯಾಸಿಯಂ ಕೂಡ ರಕ್ತಕ್ಕೆ ಬರೋದ್ರಿಂದ ಹಾರ್ಟ್ ಲಯ ತಪ್ಪಬಹುದು ಅಂತ ಪದೇಪದೇ ಇಸಿಜಿ ತೆಗೀತಿದ್ರು. ಬಾಟಲಿ ಮೇಲೆ ಬಾಟಲಿ ಡ್ರಿಪ್ ಕೊಟ್ರು, ದೇವ್ರ ದಯೆ, ಮೂತ್ರ ಬರೋಕೆ ಶುರುವಾಗಿ ಡಯಾಲಿಸಿಸ್ ತಪ್ತು. ಕೊಲೆಸ್ಟ್ರಾಲಿಗೆ ಕೊಡೋ ಸ್ಟ್ಯಾಟಿನ್ ಮಾತ್ರೆ ಅಪರೂಪಕ್ಕೆ ಸ್ನಾಯುವಿಗೆ ತೊಂದ್ರೆ ಮಾಡತ್ತಂತೆ, ಜೊತೆಗೆ ಇಂಥ ಹುಚ್ಚು ವ್ಯಾಯಾಮ ಸೇರಿದ್ರೆ ಅಪಾಯ ಜಾಸ್ತಿ. ಹಾಗಂತ ಇದನ್ನ ಓದಿ ಯಾರೂ ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ, ನಿಮ್ಮ ಡಾಕ್ಟ್ರನ್ನ ಕೇಳಿ.

ನೋವು ಬಂದಿದ್ದೆಲ್ಲ ಇದೇ ಅಲ್ಲ. ಹೊಸ ವ್ಯಾಯಾಮ ಮಾಡಿದ್ರೆ ಎರಡು ಮೂರು ದಿನ ಮೈ ಹಿಡ್ಕೊಳ್ಳೋದು ಸಹಜ. ಊತ, ಕೂತಲ್ಲಿಂದ ಏಳೋಕೇ ಆಗದಷ್ಟು ನಿಶ್ಶಕ್ತಿ, ಮೂತ್ರ ಕಂದು ಬಣ್ಣ ಅಥವಾ ಮೂತ್ರವೇ ಕಮ್ಮಿ, ಇದ್ರಲ್ಲಿ ಒಂದು ಕಂಡ್ರೂ ಕಷಾಯ ಮಾಡ್ತಾ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಿ, ಹೋದ ತಕ್ಷಣ ಇಷ್ಟು ಬಸ್ಕಿ ಹೊಡೆದಿದ್ರು, ಇಂಥ ಮಾತ್ರೆ ನುಂಗಿದ್ರು ಅಂತ ಕೇಳೋ ಮುಂಚೇನೇ ಹೇಳಿ, ಸಿಪಿಕೆ ಮಾಡ್ತೀರಾ ಅಂತಾನೂ ಕೇಳಿ.

ವ್ಯಾಯಾಮ ಬೇಡ ಅಂತ ಆ ಡಾಕ್ಟ್ರೂ ಹೇಳ್ಲಿಲ್ಲ, ನಾನೂ ಹೇಳ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 65 ದಾಟಿದವ್ರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ, ಎರಡು ದಿನ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ ಬೇಕೇ ಬೇಕು. ಅಂದ್ರೆ ಬಿರುಸಾಗಿ ದಿನಾ ಅರ್ಧ ಗಂಟೆ ನಡೆದ್ರೆ ವಾರಕ್ಕೆ ಐದೇ ದಿನ. ಅದ್ರಲ್ಲಿ ಲಿಸ್ಟ್ ಹಾಕೋದೂ ಇಲ್ಲ, ಆಮೆ ಚಿತ್ರಾನೂ ಇಲ್ಲ, ಹಂಗಾಗಿ ಫೀಸೂ ಕೇಳೋಕಾಗಲ್ಲ. ನಿಮ್ಮನೇಲಿ ಯಾರಾದ್ರೂ ಸೇರ್ತೀನಿ ಅಂದ್ರೆ ಫಾರಂ ಇಸ್ಕೊಂಡು ನೋಡಿ, ಮಾತ್ರೆ ಬಗ್ಗೆ ಕೇಳದೆ ಬರೀ ಸಹಿ ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ. ಯಾವ ಕೋಚೇ ಆಗ್ಲಿ ಜೇಬಿಂದ ನೋವಿನ ಮಾತ್ರೆ ಕೊಟ್ರೆ ತಗೋಬೇಡಿ.

ಇವ್ರು ಈಗ ಮತ್ತೆ ಫ್ರೀಡಂ ಪಾರ್ಕಲ್ಲಿ ನಡೀತಿದಾರೆ, ನಿಧಾನಕ್ಕೆ, ಕ್ರಿಯಾಟಿನಿನ್ ಸರಿ ಹೋಗಿದೆ. ನಾನು ಡಿಸ್ಚಾರ್ಜ್ ಸಮ್ಮರಿ ಫೋಟೋ ತೆಗೆದು ಆ ಗ್ರೂಪಿಗೆ ಹಾಕಿದ್ದೆ, ಉಳಿದವ್ರಿಗಾದ್ರೂ ಗೊತ್ತಾಗ್ಲಿ ಅಂತ, ಐದು ನಿಮಿಷದಲ್ಲಿ ಡಿಲೀಟ್ ಮಾಡಿ ಇವ್ರ ನಂಬರನ್ನೂ ತೆಗೆದು ಹಾಕಿದ್ರು. ಕಟ್ಟಿದ ಫೀಸು ವಾಪಸ್ ಕೊಡಪ್ಪ ಅಂತ ಫೋನ್ ಮಾಡಿ ಕೇಳ್ದೆ. ವಾಪಸ್ ಕೊಡೋಕೆ ರೂಲ್ಸ್ ಇಲ್ಲ ಆಂಟಿ, ಅಂಕಲ್ ಹುಷಾರಾದ್ಮೇಲೆ ಮುಂದಿನ ಬ್ಯಾಚಿಗೆ ಅಡ್ಜಸ್ಟ್ ಮಾಡ್ಕೊಡ್ತೀವಿ ಅಂದ.